ತೆಳ್ಳನೆ ಆಯಿಲ್ಲೂ ನಮ್ಮ ಭಾವನ ಮೀಸೆಯೂ

ಬೇರೆ ಅಂಗಡಿಗೆ ಜನ ಸಾಮಾನು ಕೊಳ್ಳೋಕೆ ಬರ್ತಾರೆ. ನಮ್ಮ ಅಂಗಡಿಗೆ ಬರೋರು ಮೊದಲು ವಾದ ಮಾಡ್ತಾರೆ, ಆಮೇಲೆ ಸಾಮಾನು ಕೊಳ್ತಾರೆ. ಒಂದು ದಿನ ವಾದ ಇಲ್ಲದೆ ಕಳೆದರೆ ನನಗೇ ಮೈ ಸರಿ ಇರಲ್ಲ.

ತುಮಕೂರಿಂದ ಗುಬ್ಬಿ ಕಡೆಗೆ ಹೋಗೋ ರಸ್ತೆಯಲ್ಲಿ ನಮ್ಮದು ಎಂಜಿನ್ ಆಯಿಲ್, ಫಿಲ್ಟರು, ಗ್ರೀಸು ಮಾರೋ ಅಂಗಡಿ. ಮಾವನವರು ಶುರು ಮಾಡಿದ್ದು. ನಮ್ಮನೆಯವರಿಗೆ ಆಯಿಲ್ ವಾಸನೆ ಬಂದರೆ ತಲೆನೋವು, ಹಾಗಾಗಿ ಅವರು ಸ್ಕೂಲ್ ಮೇಷ್ಟ್ರಾದ್ರು. ನಾನು ತುಮಕೂರಿನ ಸದಾಶಿವನಗರದ ಮನೇಲಿ ತಿಂಡಿ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಬಂದು ಗಲ್ಲಾ ಮುಂದೆ ಕೂರೋಳಾದೆ. ಕೂತು ಕಲಿತಿದ್ದು ಇಷ್ಟು: ಗಂಡಸರು ಹೆಂಡತಿ ಬೈದರೂ ತಡ್ಕೊತಾರೆ, ‘ನಿಮ್ಮ ಗಾಡಿಗೆ ತೆಳ್ಳಗಿರೋ ಆಯಿಲ್ ಹಾಕ್ಬೇಕು’ ಅಂದ್ರೆ ಮಾತ್ರ ತಡ್ಕೊಳ್ಳಲ್ಲ. ಅವರ ವಂಶಕ್ಕೇ ಏನೋ ಅಂದಂಗೆ ಮುಖ ಮಾಡ್ತಾರೆ.

ಮೂವತ್ತೈದಕ್ಕೆ ಮಾಡಿ

ಗುಬ್ಬಿ ಕಡೆಯ ದನದ ದಲ್ಲಾಳಿ ಒಬ್ಬರು ಹಳೇ ಪಿಕಪ್‌ನಲ್ಲಿ ಬಂದ್ರು. ಹಳೇ ಎಂಜಿನ್ನು, ಓಡಿ ಓಡಿ ಒಳಗೆಲ್ಲ ಸಡಿಲ. ಅಂಥದ್ದಕ್ಕೆ ಸ್ವಲ್ಪ ಗಟ್ಟಿ ಆಯಿಲ್ಲೇ ಸರಿ. ಡಬ್ಬ ಎತ್ತಿ ಇಟ್ಟು, ‘ಫಿಫ್ಟೀನ್ ಫಾರ್ಟಿ’ ಅಂದೆ.

‘ಅಂದ್ರೆ?’

‘ಮೊದಲನೇ ನಂಬರು ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ. ಕಡಿಮೆ ಇದ್ದಷ್ಟೂ ಬೇಗ ಹರಿಯುತ್ತೆ. ಎರಡನೇದು ಬಿಸಿ ಆದ್ಮೇಲೆ ಎಷ್ಟು ಗಟ್ಟಿ ಇರುತ್ತೆ ಅಂತ. ನಿಮ್ದು ನಲವತ್ತು.’

‘ನಲವತ್ತು ಜಾಸ್ತಿ ಆಯ್ತು. ಮೂವತ್ತಕ್ಕೆ ಮಾಡಿ.’

‘ಅಣ್ಣ, ಅದು ರೇಟಲ್ಲ. ಗಟ್ಟಿತನ.’

‘ಗೊತ್ತಾಯ್ತು ಕಣಮ್ಮ, ನಾನೂ ಗಟ್ಟಿತನಾನೇ ಕೇಳ್ತಿರೋದು. ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಮೂವತ್ತೈದು.’

ಇಷ್ಟು ಹೇಳಿ ಆ ಮನುಷ್ಯ ಹೆಗಲ ಮೇಲಿನ ಟವೆಲ್ ತೆಗೆದು ಗಲ್ಲಾ ಮೇಲೆ ಹಾಸಿದ್ರು. ದನದ ಸಂತೇಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡ್ತಾರಲ್ಲ, ಹಾಗೆ. ಕೈ ಒಳಗೆ ಹಾಕೋ ಹೊತ್ತಿಗೆ ಎದುರಿಗಿರೋಳು ಹೆಂಗಸು ಅಂತ ಹೊಳೀತು. ‘ಅಯ್ಯೋ, ತಪ್ಪು ತಿಳ್ಕೋಬೇಡಿ ತಾಯಿ, ಕೈ ಅಭ್ಯಾಸ’ ಅಂತ ಟವೆಲ್ ಒದರಿ ಮತ್ತೆ ಹೆಗಲಿಗೆ ಹಾಕ್ಕೊಂಡ್ರು.

‘ಕಂಪನಿಯವರು ಡಬ್ಬಕ್ಕೆ ಸೀಲ್ ಹಾಕಿ ಕಳಿಸಿರ್ತಾರಣ್ಣ. ನಾನು ಒಂದು ಚೂರೂ ಇಳಿಸೋಕಾಗಲ್ಲ.’

ಮನಸ್ಸಿಲ್ಲದ ಮನಸ್ಸಿಂದ ನಲವತ್ತನ್ನೇ ತಗೊಂಡು ಹೊರಟ್ರು. ಬಾಗಿಲವರೆಗೂ ಹೋಗಿ ತಿರುಗಿ ನಿಂತು, ‘ಈ ಸಲ ನಿಮ್ಮ ಮಾತೇ ನಡೀಲಿ. ಮುಂದಿನ ಸಲ ಬಂದಾಗ ಜ್ಞಾಪಕ ಇಟ್ಕೊಂಡು ಒಂದೆರಡಾದ್ರೂ ಬಿಟ್ಕೊಡ್ಬೇಕು’ ಅಂದ್ರು.

ಪಂಚೆ ಸರಿ ಇಲ್ಲ

ಅವರಾದರೂ ಹೊರಗಿನವರು, ಬಂದ್ರು, ಹೋದ್ರು. ನಮ್ಮ ನೆಂಟರೇ ಎದ್ದು ಬಂದ್ರೆ ಏನ್ ಮಾಡೋದು?

ನಮ್ಮಕ್ಕನ ಗಂಡ ಹೆಬ್ಬೂರಿನವರು. ಶಾಮಿಯಾನ, ಅಡುಗೆ ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡೋ ಕೆಲಸ. ಭಾವ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಅವರ ಮೀಸೆ. ಎರಡು ಕಡೆಯೂ ಮೇಲಕ್ಕೆ ತಿರುಗಿ, ಹರಳೆಣ್ಣೆ ಕುಡಿದು ಮಿಂಚ್ತಾ ಇರುತ್ತೆ. ದಿನಾ ಬೆಳಿಗ್ಗೆ ಅದರ ಉಪಚಾರ ಆಗೋವರೆಗೂ ಮನೇಲಿ ಕನ್ನಡಿ ಬೇರೆ ಯಾರಿಗೂ ಸಿಗಲ್ಲ. ಅಕ್ಕ ಎಷ್ಟೋ ಸಲ ಕನ್ನಡಿ ಇಲ್ಲದೇನೇ ಕುಂಕುಮ ಇಟ್ಕೊಂಡು ಬಂದಿದ್ದಾಳೆ.

ಭಾವ ಹಳೇ ಪಿಕಪ್ ಮಾರಿ ಹೊಸದು ತಗೊಂಡ್ರು. ಮನೆಯ ಅನ್ನವೆಲ್ಲ ಆ ಗಾಡಿ ಮೇಲೇ ನಿಂತಿದೆ. ಲಗ್ನದ ಸೀಸನ್‌ನಲ್ಲಿ ಅದು ಒಂದು ವಾರ ನಿಂತರೆ ಬಂದ ಆರ್ಡರೆಲ್ಲ ಪಕ್ಕದೂರಿನವರ ಪಾಲು. ಶೋರೂಮಿನವರು ಏನು ಸುರೀತಾರೋ ಕಣ್ಣಿಗೆ ಕಾಣಲ್ಲ, ನಾದಿನಿ ಅಂಗಡೀಲಿ ತಮ್ಮ ಎದುರಿಗೇ ಆಯಿಲ್ ಬದಲಾಯಿಸ್ಬೇಕು ಅಂತ ಅಕ್ಕನ್ನೂ ಕೂರಿಸ್ಕೊಂಡು ಬಂದ್ರು.

ನಾನು ಗಾಡಿ ಜೊತೆ ಕೊಟ್ಟಿದ್ದ ಪುಸ್ತಕ ತೆಗೆಸಿ ನೋಡ್ದೆ. ಫೈವ್ ಥರ್ಟಿ. ತೆಳ್ಳನೆ ಆಯಿಲ್ಲು. ಭಾವನ ಹೆಬ್ಬೆರಳ ಮೇಲೆ ಒಂದು ತೊಟ್ಟು ಹಾಕಿದೆ. ತೋರುಬೆರಳಿಂದ ಉಜ್ಜಿದ್ರು, ಮೂಸಿದ್ರು, ಬೆಳಕಿಗೆ ಹಿಡಿದ್ರು.

‘ಇದೇನವ್ವ, ನೀರ್ ಮಜ್ಜಿಗೆ ಇದ್ದಂಗದೆ? ಹಳೇ ಗಾಡಿಗೆ ಜೇನುತುಪ್ಪ ಇದ್ದಂಗಿರೋ ಆಯಿಲ್ ಹಾಕ್ತಿದ್ದೆ. ಹೊಸದಕ್ಕೆ ಈ ತೊಳೆದ ನೀರಾ?’

‘ಹೊಸ ಎಂಜಿನ್ ಒಳಗೆ ದಾರಿ ಎಲ್ಲ ಕಿರಿದು ಭಾವ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಮೇಲಿನವರೆಗೂ ಹತ್ತಬೇಕು. ಶಾವಿಗೆ ಒರಳಿನ ಸಣ್ಣ ತೂತಿಗೆ ಗಟ್ಟಿ ಹಿಟ್ಟು ಹಾಕಿದ್ರೆ ಒತ್ತೋರ ರಟ್ಟೆ ಹೋಗಲ್ವಾ?’

‘ನೀನು ಶಾವಿಗೆ ಒತ್ತು, ಯಾರ್ ಬ್ಯಾಡ ಅಂದ್ರು? ಎಂಜಿನ್ ವಿಷ್ಯ ನಂಗೆ ಬುಡು. ಇದ್ರಲ್ಲಿ ಜಿಡ್ಡೇ ಇಲ್ಲ. ಬರೀ ನೀರಲ್ಲಿ ತೊಳೆದ್ರೆ ಹೋಯ್ತದೆ, ನೋಡ್ತಿರು.’

ನಲ್ಲಿ ಹತ್ರ ಹೋಗಿ ಕೈ ತೊಳೆದ್ರು. ಹೋಗಲಿಲ್ಲ. ಉಜ್ಜಿದ್ರು, ಹೋಗಲಿಲ್ಲ. ಸೋಪ್ ಪುಡಿ ಹಾಕಿ ಉಜ್ಜಿದ್ರು, ಎರಡು ಬೆರಳಲ್ಲಿದ್ದ ಆಯಿಲ್ ಎರಡೂ ಅಂಗೈಗೆ ಬಂತು. ಕೊನೆಗೆ ಮರೆವಲ್ಲಿ ಬಿಳಿ ಪಂಚೆಗೆ ಒರೆಸಿಕೊಂಡ್ರು. ತೊಡೆ ಮೇಲೆ ಐದು ಬೆರಳೂ ಅಚ್ಚೊತ್ತಿದಂಗೆ ಕೂತವು.

‘ಜಿಡ್ಡೇ ಇಲ್ಲ ಅಂದ್ರಲ್ಲ ಭಾವ?’

ಪಂಚೆ ಎಳೆದು ನೋಡ್ಕೊಂಡ್ರು. ‘ಈ ಪಂಚೆ ಕ್ವಾಲಿಟಿ ಸರಿ ಇಲ್ಲ ಕಣವ್ವ’ ಅಂದ್ರು.

ನಾನು ನಕ್ಕುಬಿಟ್ಟೆ. ಭಾವ ನಾದಿನಿ ಮಧ್ಯೆ ನಗೋಕೆ ಲೈಸೆನ್ಸ್ ಬೇಕಾ? ಆದ್ರೆ ಅವರಿಗೆ ಸಿಟ್ಟು ಬಂತು. ಮೀಸೆ ಮೇಲೆ ಕೈ ಇಟ್ಟು, ಅಂಗಡೀಲಿದ್ದ ಗಿರಾಕಿಗಳೆಲ್ಲ ಕೇಳೋ ಹಂಗೆ ಘೋಷಿಸಿದ್ರು: ‘ಈ ನೀರಾಯಿಲ್ ಹಾಕ್ಕೊಂಡು, ನೆಂಟರ ಗೃಹಪ್ರವೇಶದ ಲೋಡ್ ಸಮೇತ, ನನ್ನ ಗಾಡಿ ಹುಲಿಯೂರುದುರ್ಗ ಮುಟ್ಟಲಿ. ಮುಟ್ಟಿದ ದಿನ ಈ ಮೀಸೆ ಬೋಳಿಸ್ತೀನಿ!’

ನಾನೂ ಬಿಡ್ತೀನಾ? ‘ಎಂಜಿನ್ ಹೋದ್ರೆ ಅಂಗಡಿ ಬೋರ್ಡ್ ಮೇಲೆ, ಇಲ್ಲಿ ಭಾವನವರ ಅಪ್ಪಣೆಯಂತೆ ಆಯಿಲ್ ಕೊಡಲಾಗುವುದು, ಅಂತ ಬರೆಸ್ತೀನಿ’ ಅಂದೆ.

ಪಕ್ಕದಲ್ಲಿ ಕೂತಿದ್ದ ಅಕ್ಕ ಆಗ ಬಾಯಿ ಬಿಟ್ಟಳು. ‘ರೀ, ಸೋತ್ರೆ ನಿಮ್ಮ ಮೀಸೆ ಹೋಗುತ್ತೆ. ಗೆದ್ರೆ ನಮ್ಮ ಎಂಜಿನ್ ಹೋಗುತ್ತೆ. ಎರಡು ಕಡೆಯೂ ನಮ್ಮದೇ ಹೋಗೋ ಪಂದ್ಯ ಕಟ್ಟೋಕೆ ನಿಮಗೆ ಹೇಳ್ಕೊಟ್ಟೋರು ಯಾರು?’

ಮರ್ಯಾದೆಯಾಗಿ ಮುಳುಗ್ತು

ಅಕ್ಕನ ಮಾತು ಭಾವನ ತಲೆಗೆ ಹೋಯ್ತು. ಆದ್ರೆ ಆಡಿದ ಮಾತು ವಾಪಸ್ ತಗೊಳ್ಳೋಕೆ ಮೀಸೆ ಬಿಡಬೇಕಲ್ಲ? ಗಾಡಿಗೆ ಆಯಿಲ್ ಹಾಕೋಕೆ ಮುಂಚೆನೇ ಅದು ಕಳಪೆ ಅಂತ ರುಜುವಾತು ಮಾಡಿಬಿಟ್ರೆ ನಾದಿನೀನೇ ಪಂದ್ಯ ಬಿಡ್ತಾಳೆ, ಮೀಸೇನೂ ಉಳಿಯುತ್ತೆ, ಎಂಜಿನ್ನೂ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ರು. ಹಳೇ ಸ್ನೇಹಿತರೊಬ್ಬರನ್ನ ಕರ್ಕೊಂಡು ಬಂದ್ರು. ಅವರು ಯಾವುದೋ ಹಳ್ಳಿ ಡೈರೀಲಿ ಹಾಲು ಅಳೆದು ರಿಟೈರ್ ಆದವರು.

‘ಇವರ ಕಣ್ಣು ತಪ್ಪಿಸಿ ಒಂದು ಲೋಟ ನೀರು ಹಾಲಿಗೆ ಬೆರೆಸಿದೋರಿಲ್ಲ’ ಅಂತ ಭಾವ ಪರಿಚಯ ಮಾಡಿಸಿದ್ರು. ಆ ಹಿರಿಯರು ಗಂಭೀರವಾಗಿ ಟವೆಲ್ ಬಿಚ್ಚಿದ್ರು. ಒಳಗೆ ಲ್ಯಾಕ್ಟೋಮೀಟರು! ಹಾಲಿಗೆ ಬಿಟ್ರೆ ತೇಲುತ್ತೆ, ನೀರು ಬೆರೆಸಿದಷ್ಟೂ ಕೆಳಗೆ ಇಳಿಯುತ್ತೆ, ಆ ಗಾಜಿನ ಕೊಳವೆ.

‘ಇದ್ರಲ್ಲಿ ಆಯಿಲ್ ಪರೀಕ್ಷೆ ಮಾಡ್ತೀರಾ?’ ಅಂದೆ.

‘ಕಲಬೆರಕೆ ಅಂದ್ಮೇಲೆ ಹಾಲಾದ್ರೇನು, ಆಯಿಲ್ ಆದ್ರೇನು ತಾಯಿ’ ಅಂದ್ರು.

ಉದ್ದನೆ ಲೋಟಕ್ಕೆ ಫೈವ್ ಥರ್ಟಿ ಹಾಕಿಕೊಟ್ಟೆ. ಲ್ಯಾಕ್ಟೋಮೀಟರ್ ಬಿಟ್ರು. ಅದು ಒಂದು ಕ್ಷಣಾನೂ ನಿಲ್ಲದೆ ‘ಟಣ್’ ಅಂತ ತಳಕ್ಕೆ ಹೋಗಿ ಕೂತ್ಕೊಂಡಿತು. ಆಯಿಲ್ ನೀರಿಗಿಂತ ಹಗುರ, ಮುಳುಗದೆ ಇನ್ನೇನು ಮಾಡುತ್ತೆ? ಆದ್ರೆ ಹಿರಿಯರ ಮುಖ ನೋಡಬೇಕಿತ್ತು. ಜೀವಮಾನದಲ್ಲಿ ಇಂಥ ಮೋಸ ಕಂಡಿರಲಿಲ್ಲ ಅವರು.

‘ಬರೀ ನೀರಿಗೆ ಬಿಟ್ರೂ ಇಷ್ಟು ಇಳಿಯಲ್ಲ. ಇವರು ನೀರಿಗೇ ನೀರು ಬೆರೆಸವ್ರೆ!’

ಭಾವ ಗೆದ್ದವರಂಗೆ ಕುರ್ಚಿ ಎಳ್ಕೊಂಡು ಕೂತ್ರು. ನಾನು ಇನ್ನೊಂದು ಲೋಟಕ್ಕೆ ಅವರ ಪ್ರೀತಿಯ ಗಟ್ಟಿ ಆಯಿಲ್ ಹಾಕಿ ಮುಂದಿಟ್ಟೆ. ‘ಇದನ್ನೂ ನೋಡಿಬಿಡಿ.’

ಲ್ಯಾಕ್ಟೋಮೀಟರ್ ಅದರಲ್ಲೂ ಮುಳುಗ್ತು. ಏನು ವ್ಯತ್ಯಾಸ ಅಂದ್ರೆ, ಗಟ್ಟಿ ಇತ್ತಲ್ಲ, ನಿಧಾನವಾಗಿ, ಕೊಳಕ್ಕೆ ಇಳಿಯೋ ಎಮ್ಮೆ ಥರ ಮುಳುಗ್ತು. ಕೊನೆಗೆ ಅದೂ ತಳ ಸೇರ್ತು.

‘ಈಗೇನಂತೀರಿ ಭಾವ? ಇದೂ ನೀರೇನಾ?’

ಭಾವ ಮೀಸೆ ಸವರಿದ್ರು. ‘ಮುಳುಗ್ತು ನಿಜ. ಆದ್ರೆ ಎಷ್ಟು ಮರ್ಯಾದೆಯಾಗಿ ಮುಳುಗ್ತು ನೋಡಿದ್ಯಾ!’

ಅಮ್ಮ ಇಟ್ಕೊಂಡಿದ್ದು

ಮನುಷ್ಯರ ಪರೀಕ್ಷೆ ಕೈ ಕೊಟ್ಟಿತು, ಇನ್ನು ದೇವರೇ ಗತಿ. ಭಾವನ ತೋಟದ ಹತ್ರ ಒಂದು ಚಿಕ್ಕ ಅಮ್ಮನ ಗುಡಿ ಇದೆ. ಮನೆ ಕಟ್ಟೋದು, ಹೆಣ್ಣು ಕೊಡೋದು, ಬೋರ್ ಕೊರೆಸೋದು, ಎಲ್ಲಕ್ಕೂ ಅಲ್ಲಿ ಹೂವು ಕೇಳ್ತಾರೆ. ಅಮ್ಮನ ಬಲಗಡೆಯಿಂದ ಹೂವು ಬಿದ್ರೆ ಒಪ್ಪಿಗೆ, ಎಡಗಡೆಯಿಂದ ಬಿದ್ರೆ ಬೇಡ.

ಭಾವ ಎರಡು ಡಬ್ಬ ತಗೊಂಡು ಹೋದ್ರು. ತೆಳ್ಳಂದು, ಗಟ್ಟೀದು. ಗಟ್ಟೀದನ್ನ ಜಾಣತನದಿಂದ ಬಲಗಡೆ ಇಟ್ರು. ಅಕ್ಕನೂ ನಾನೂ ಜೊತೇಲಿದ್ವಿ. ಪೂಜಾರಪ್ಪ ಮಂಗಳಾರತಿ ಎತ್ತಿ ಎರಡು ಡಬ್ಬಕ್ಕೂ ಕುಂಕುಮ ಇಟ್ಟು, ‘ತಾಯಿ, ಯಾವುದು ಅಂತ ಅಪ್ಪಣೆ ಕೊಡು’ ಅಂದ್ರು.

ನಿಂತ್ವಿ. ಭಾವ ಕಣ್ಣು ಮುಚ್ಚಿ, ಒಂದು ಕಣ್ಣು ಮಾತ್ರ ಸಣ್ಣಗೆ ತೆರೆದು ಬಲಗಡೆಗೇ ನೋಡ್ತಾ ಇದ್ರು. ಬಲಗಡೆಯೂ ಬೀಳಲಿಲ್ಲ, ಎಡಗಡೆಯೂ ಬೀಳಲಿಲ್ಲ. ತಲೆ ಮೇಲಿಂದ ಒಂದು ಸೇವಂತಿಗೆ ಉರುಳಿ ನೆಟ್ಟಗೆ ಮಧ್ಯಕ್ಕೆ ಬಿತ್ತು.

‘ಇದಕ್ಕೇನರ್ಥ?’ ಅಂದ್ರು ಭಾವ.

ಪೂಜಾರಪ್ಪ ಹೂವು ಎತ್ತಿ ಕಣ್ಣಿಗೊತ್ತಿಕೊಂಡ್ರು. ‘ಎರಡೂ ನಂಗೇ ಇರ್ಲಿ ಅಂತವ್ಳೆ. ಗುಡಿ ಜನರೇಟರ್‌ಗೆ ಆಯಿಲ್ ಹಾಕಿ ಯಾವ ಕಾಲ ಆಯ್ತೋ. ತಾಯಿ ತಾನಾಗೇ ತರಿಸ್ಕೊಂಡ್ಲು.’ ಹಂಗೇ ಡಬ್ಬಗಳನ್ನ ಎತ್ತಿ ನೋಡಿ, ‘ನಮ್ಮ ಜನರೇಟರ್ ಹಳೇದು, ಗಟ್ಟೀದೇ ಸಾಕು. ಇದನ್ನ ಪ್ರಸಾದ ಅಂತ ತಗೊಂಡೋಗಿ’ ಅಂತ ಫೈವ್ ಥರ್ಟಿಯನ್ನ ಭಾವನ ಕೈಗೇ ವಾಪಸ್ ಕೊಟ್ರು.

ನನಗೆ ಖುಷಿಯೋ ಖುಷಿ. ‘ಭಾವ, ಅಮ್ಮನೇ ಕೊಟ್ಟಿದ್ದಾಳೆ. ಕುಂಕುಮ ಸಮೇತ. ಇನ್ನೇನು ಬೇಕು?’

‘ನಿಂಗೇನ್ ಗೊತ್ತಾಗ್ತದೆ? ಅಮ್ಮ ಒಳ್ಳೇದನ್ನ ತಾನಿಟ್ಕೊಂಡು ಕಳಪೆ ಮಾಲನ್ನ ನಂಗೆ ದಾಟಿಸವ್ಳೆ!’

ಹುಲಿಯೂರುದುರ್ಗದ ಲೋಡು

ಆದ್ರೂ ಪ್ರಸಾದ ಬಿಸಾಕೋಕಾಗುತ್ತಾ? ಹಳೇ ಆಯಿಲ್ ಬೇರೆ ಕಪ್ಪಗಾಗಿತ್ತು. ಹುಲಿಯೂರುದುರ್ಗದಲ್ಲಿ ನಮ್ಮ ನೆಂಟರ ಮನೆ ಗೃಹಪ್ರವೇಶಕ್ಕೆ ಪಾತ್ರೆ ಆರ್ಡರೂ ಬಂದಿತ್ತು. ಹಿಂದಿನ ದಿನ ನಮ್ಮ ಅಂಗಡಿ ಮುಂದೆ ಫೈವ್ ಥರ್ಟಿ ಹಾಕಿಸ್ಕೊಂಡ್ರು. ಸುರಿಯೋವಾಗ ಮಗೂಗೆ ಸೂಜಿ ಚುಚ್ಚಿಸೋ ತಂದೆ ಥರ ಮುಖ ಆ ಕಡೆ ತಿರುಗಿಸಿದ್ರು.

ಬೆಳಿಗ್ಗೆ, ತುಮಕೂರಲ್ಲೇ ಒಂದು ಲಗ್ನಕ್ಕೆ ಬಂದಿದ್ದ ಕೊಪ್ಪರಿಗೆ, ಒಲೆ, ಹಂಡೆ ಎಲ್ಲ ತುಂಬಿ ಹೊರಟ್ವಿ. ನಾನು ಅಂಗಡಿಗೆ ಬೀಗ ಹಾಕ್ಕೊಂಡು ಹತ್ತಿದೆ. ಮೀಸೆ ಬೀಳೋದಕ್ಕೆ ಸಾಕ್ಷಿ ಬೇಕಲ್ಲ? ಸ್ಟೇರಿಂಗ್ ಮುಂದೆ ಭಾವ, ಮಧ್ಯೆ ಅಕ್ಕ, ಕಿಟಕಿ ಹತ್ರ ನಾನು.

ಗೂಳೂರು ದಾಟೋ ಮೊದಲೇ ಗಾಡಿ ನಿಲ್ಲಿಸಿದ್ರು. ಇಳಿದು ಬಾನೆಟ್ ಎತ್ತಿ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿದ್ರು. ‘ನೋಡು, ಇಳಿದೋಗದೆ!’ ಅಂತ ಕೂಗಿದ್ರು.

‘ಈಗ ತಾನೇ ಆಫ್ ಮಾಡಿದ್ದೀರಿ ಭಾವ. ಮೇಲೆ ಹೋಗಿರೋದು ಕೆಳಗೆ ಇಳಿಯೋಕೆ ಸ್ವಲ್ಪ ಹೊತ್ತು ಕೊಡಿ.’ ಕೊಟ್ಟರು. ಆಯಿಲ್ ಸರಿಯಾಗೇ ಇತ್ತು. ಮುಖ ಸಪ್ಪೆ ಮಾಡ್ಕೊಂಡು ಹತ್ತಿದ್ರು. ಹೆಬ್ಬೂರಲ್ಲಿ ಮತ್ತೆ ಇಳಿದು ಕಡ್ಡಿ. ಕುಣಿಗಲ್ ಇನ್ನೂ ಬರೋದ್ರೊಳಗೆ ಮತ್ತೆ ಕಡ್ಡಿ. ಒರೆಸೋ ಬಟ್ಟೆ ತುಂಬಿಹೋಗಿ ಅಕ್ಕನ ಸೆರಗಿಗೆ ಕೈ ಹಾಕಿದಾಗ ಮಾತ್ರ ಸರಿಯಾಗಿ ಒಂದು ಏಟು ಬಿತ್ತು.

ಕುಣಿಗಲ್ ದಾಟಿ ಹುಲಿಯೂರುದುರ್ಗದ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗಿದ್ವಿ. ಗಾಡಿ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ನಿಂತೇಹೋಯ್ತು.

ಭಾವ ಬಾಗಿಲು ತೆಗೆದು ರಸ್ತೆಗೆ ಹಾರಿದ್ರು. ‘ಹೋಯ್ತು! ಎಂಜಿನ್ ಹೋಯ್ತು! ನಾನ್ ಹೇಳ್ಲಿಲ್ವಾ?’ ಅಂತ ಮೀಸೆಯ ಎರಡೂ ತುದಿ ಹಿಡಿದು ತಿರುವಿದ್ರು. ಲ್ಯಾಕ್ಟೋಮೀಟರ್ ಸ್ನೇಹಿತರಿಗೆ ಫೋನ್ ಹಚ್ಚಿ, ‘ಗೆದ್ದೆ ಕಣ್ಲಾ! ಹೊಸಾ ಎಂಜಿನ್ನು, ಪೂರ್ತಿ ಹೋಯ್ತು!’ ಅಂತ ಕುಣಿದಾಡಿದ್ರು. ದಾರೀಲಿ ಹೋಗೋ ಬೈಕಿನವನೊಬ್ಬ, ಲಾಟರಿ ಹೊಡೀತೇನೋ ಅಂತ ನಿಲ್ಲಿಸಿ ಕೇಳಿದ.

‘ಎಂಜಿನ್ ಹೋಯ್ತು’ ಅಂದ್ರು ಭಾವ.

‘ಯಾರ್ದಣ್ಣ?’

‘ನಂದೇ!’

ಆ ಮಾತು ಬಾಯಿಂದ ಬಂದ ಮೇಲೆ ಅವರ ಕಿವಿಗೇ ಬಿತ್ತು. ಕೈ ಮೀಸೆಯಿಂದ ಜಾರಿತು. ‘ಅಯ್ಯೋ, ನಂದೇ ಅಲ್ವಾ’ ಅಂತ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕುಸಿದು ಕೂತ್ರು. ಸುಳ್ಳು ಯಾಕೆ ಹೇಳ್ಲಿ, ನಾನೂ ಹೆದರಿ ಕೆಳಗಿಳಿದೆ. ತಮಾಷೆಗೆ ಅಂತ ಪಂದ್ಯ ಕಟ್ಟಿ, ಅಕ್ಕನ ಮನೆ ಅನ್ನಕ್ಕೆ ಕಲ್ಲು ಹಾಕಿಬಿಟ್ನಾ? ಪುಸ್ತಕದಲ್ಲಿ ಬರೆದಿದ್ದನ್ನೇ ಹಾಕಿದ್ದೆ, ಹೆಂಗಾಯ್ತು ಇದು?

ಗಾಡಿ ಒಳಗೇ ಕೂತಿದ್ದ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ‘ರೀ, ಇಲ್ಲಿ ಸ್ಟೇರಿಂಗ್ ಮುಂದೆ ಪೆಟ್ರೋಲ್ ಬಂಕ್ ಥರ ಒಂದು ಚಿತ್ರ ಇದ್ಯಲ್ಲ, ಅದರಲ್ಲಿ ದೀಪ ಯಾಕೆ ಉರೀತಿದೆ?’

ನಾನು ಬಗ್ಗಿ ನೋಡ್ದೆ. ಡೀಸೆಲ್ ಮುಳ್ಳು ಕೆಂಪು ಗೆರೆಗಿಂತ ಕೆಳಗೆ ಮಲಗಿತ್ತು. ನಿಲ್ಲಿಸಿದ ಕಡೆಯಲ್ಲೆಲ್ಲ ಆಯಿಲ್ ನೋಡಿದ ಮಹಾನುಭಾವ ಹೊರಡುವಾಗ ಡೀಸೆಲ್ಲೇ ಹಾಕಿಸಿರಲಿಲ್ಲ.

‘ಯಾವಾಗಿಂದ ಉರೀತಿದೆಯೇ ಇದು?’ ಅಂದ್ರು ಭಾವ.

‘ಹೆಬ್ಬೂರು ಬಿಟ್ಟಾಗಿಂದ. ಹೊಸ ಗಾಡಿ ಅಲ್ವಾ, ಶೋಕಿಗೆ ಬಿಟ್ಟಿದ್ದಾರೆ ಅಂತ ಸುಮ್ನಿದ್ದೆ.’

ಆ ಬೈಕಿನವನೇ ಪಾಪ ಕುಣಿಗಲ್‌ಗೆ ವಾಪಸ್ ಹೋಗಿ ಕ್ಯಾನಲ್ಲಿ ಡೀಸೆಲ್ ತಂದ್ಕೊಟ್ಟ. ಪಂಪು ಒತ್ತಿ ಒಳಗಿನ ಗಾಳಿ ತೆಗೆದು ಕೀ ತಿರುಗಿಸಿದ್ರೆ, ಎಂಜಿನ್ ಏನೂ ಆಗದವರಂಗೆ ಸ್ಟಾರ್ಟ್ ಆಯ್ತು. ಹುಲಿಯೂರುದುರ್ಗ ಮುಟ್ಟಿದಾಗ ಅಡುಗೆಯವರು ಹೆಚ್ಚಿದ ತರಕಾರಿ ಮುಂದಿಟ್ಕೊಂಡು ಬಾಗಿಲಲ್ಲೇ ಕಾಯ್ತಾ ಇದ್ರು. ಕೊಪ್ಪರಿಗೆ ಇಳೀತು, ಒಲೆ ಹತ್ತಿತು.

‘ದಾರೀಲಿ ನಿಂತಿತ್ತಲ್ಲ, ಅದೂ ಲೆಕ್ಕಕ್ಕೆ ಬರ್ತದೆ’ ಅಂತ ಭಾವ ಒಂದು ಸಲ ಹೇಳಿ ನೋಡಿದ್ರು.

‘ನಿಂತಿದ್ದು ಡೀಸೆಲ್ ಇಲ್ಲದೆ ಭಾವ. ನನ್ನ ಆಯಿಲ್ ಏನು ತಪ್ಪು ಮಾಡ್ತು?’

ಎದೆ ಸೆಟೆಸಿ, ‘ಆಡಿದ ಮಾತಿಗೆ ತಪ್ಪೋ ವಂಶ ಅಲ್ಲ ನಂದು’ ಅಂತ ಬೀದಿ ಕೊನೆಯ ಕಟಿಂಗ್ ಶಾಪಿಗೆ ನಡೆದ್ರು. ನನಗೇ ಪಾಪ ಅನ್ನಿಸ್ತು. ‘ಬೇಡ ಬನ್ನಿ ಭಾವ, ತಮಾಷೆಗೆ ಅಂದಿದ್ದು’ ಅಂತ ಹಿಂದೆ ಓಡಿದೆ. ತಿರುಗಿ ನೋಡಲಿಲ್ಲ.

ಅಲ್ಲಿ ಸರದಿ ಕಾದು ಭಾವ ವಾಪಸ್ ಬಂದಾಗ ಮಧ್ಯಾಹ್ನದ ಮೊದಲನೇ ಪಂಕ್ತಿ ಕೂತಿತ್ತು. ಅಕ್ಕ ಪಾಯಸದ ಬಕೆಟ್ ಹಿಡಿದು ಬಡಿಸ್ತಾ ಬಂದವಳು ಒಂದು ಎಲೆ ಮುಂದೆ ನಿಂತು, ‘ನೀವು ಯಾವ ಕಡೆಯವರು?’ ಅಂತ ಕೇಳಿದಳು. ಭಾವ ತಲೆ ಎತ್ತಿದ್ರು. ಮೂಗಿನ ಕೆಳಗೆ ಬೆಳ್ಳಗೆ, ನುಣ್ಣಗೆ, ಎಂದೂ ಬಿಸಿಲು ಕಾಣದ ಜಾಗ. ಅಕ್ಕನ ಸೌಟು ನಿಂತಲ್ಲೇ ನಿಂತಿತು. ಪಂಕ್ತಿಯೆಲ್ಲ ಊಟ ಬಿಟ್ಟು ಅವಳನ್ನೇ ನೋಡ್ತಿತ್ತು.

ದಿಟ್ಟಿಸಿ ನೋಡಿ ಅಕ್ಕ ಅಂದಳು, ‘ರೀ, ಅವತ್ತು ಹೆಣ್ಣು ನೋಡೋಕೆ ಬಂದಾಗ ನೀವು ಹಿಂಗೇ ಬಂದಿದ್ರೆ, ದೇವರಾಣೆ ನಾನು ಒಪ್ತಾನೇ ಇರ್ಲಿಲ್ಲ.’

ಭಾವ ಎಲೆ ಮುಂದೆ ಹಣೆ ಹಣೆ ಚಚ್ಚಿಕೊಂಡ್ರು. ‘ಥೂ, ನನ್ನ ಗ್ರಾಚಾರವೇ! ಅವತ್ತು ಬೆಳಿಗ್ಗೆ ಕಟಿಂಗ್ ಶಾಪಿನವನು, ಮೀಸೆ ಇರ್ಲಾ ತೆಗೀಲಾ ಅಂತ ಎರಡು ಸಲ ಕೇಳಿದ್ದ ಕಣೇ!’